ಪಟೇಲನಿಗಿಟ್ಟ ತಂಬಿಟ್ಟು

ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಕರಿಬೇವಿನ ಕಟ್ಟಿನ ಹಿಂದೆ ಅಡಗಿಸಿಟ್ಟಿದ್ದ ಸ್ಟೀಲ್ ಡಬ್ಬಿ ಅತ್ತೆಯವರ ಕಣ್ಣಿಗೆ ಬೀಳದೆ ಹೋಗಿದ್ದರೆ, ಸಿದ್ದಲಿಂಗೇಶನ ಆ ಭಾನುವಾರ ಬೇರೆಯೇ ಭಾನುವಾರವಾಗುತ್ತಿತ್ತು. ಆದರೆ ಅತ್ತೆ ಗುರುದೇವಿಯವರ ಕಣ್ಣು ಅಂಥಿಂಥ ಕಣ್ಣಲ್ಲ. ಕೆಳಗಿನ ಮನೆಯಲ್ಲಿ ಕೂತೇ ಮೇಲಿನ ಮನೆಯಲ್ಲಿ ಹಾಲು ಉಕ್ಕಿದ್ದನ್ನು ಹೇಳುವ ಹೆಂಗಸು. ಬೆಳಗ್ಗೆ ಆರೂವರೆಗೆ ಕರಿಬೇವು ಬೇಕೆಂದು ಮಗಳ ಮನೆಗೆ ಹತ್ತಿದವರು, ಇಳಿಯುವಾಗ ಡಬ್ಬಿಯನ್ನೂ ಹಿಡಿದುಕೊಂಡು ಇಳಿದರು.

ಡಬ್ಬಿಯಲ್ಲಿ ಇಪ್ಪತ್ತಮೂರು ಉಂಡೆಗಳಿದ್ದವು. ಕಡಲೆಕಾಯಿ ಹಿಂಡಿ, ಹುರಿಗಡಲೆ ಹಿಟ್ಟು, ಬೆಲ್ಲ, ಏಲಕ್ಕಿ, ಮೇಲೊಂದಿಷ್ಟು ಜೇನುತುಪ್ಪ. ಎಲ್ಲವನ್ನೂ ಕಲಸಿ, ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ, ಕುದಿಯುವ ನೀರಿನಲ್ಲಿ ಮೂರು ನಿಮಿಷ ಬೇಯಿಸಿ, ಹಳೇ ಪಂಚೆಯ ಮೇಲೆ ಒಣಗಿಸಿದವು. ನೋಡಿದವರು ತಂಬಿಟ್ಟು ಎನ್ನಲೇಬೇಕು. ಸಿದ್ದಲಿಂಗೇಶ ಅವನ್ನು ಮಾಡಿದ್ದು ಮಾತ್ರ ಮನುಷ್ಯರಿಗಲ್ಲ, ಮೀನಿಗೆ.

ಇದನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಬಸವೇಶ್ವರನಗರದ ಆ ಮನೆ ಮಾವ ಚನ್ನವೀರಪ್ಪನವರದು. ಕೆಳಗೆ ಅತ್ತೆ ಮಾವ, ಮೇಲೆ ಅವನು ಮತ್ತು ಹೆಂಡತಿ ಸೌಂದರ್ಯಾ. ಅವಳಿಗೆ ತವರು ಹದಿನಾಲ್ಕು ಮೆಟ್ಟಿಲು ದೂರ. ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆತನ. ಸಿದ್ದಲಿಂಗೇಶನೂ ಹುಟ್ಟಿದಂದಿನಿಂದ ಮೀನು ತಿಂದವನಲ್ಲ, ತಿನ್ನುವ ಆಸೆಯೂ ಇಲ್ಲ. ಹಿಡಿಯುವುದು, ಮುಖ ನೋಡುವುದು, ನೀರಿಗೆ ಬಿಡುವುದು, ಅಷ್ಟೇ. ಆದರೆ 'ಹಿಡಿದು ಬಿಡುತ್ತೇನೆ' ಎನ್ನುವುದನ್ನು ಅತ್ತೆಗೆ ಹೇಳಿ ಒಪ್ಪಿಸುವುದಕ್ಕಿಂತ ಮೀನಿಗೆ ಹೇಳಿ ಒಪ್ಪಿಸುವುದು ಸುಲಭ.

ಈ ಚಟ ಹಚ್ಚಿದವನು ನಾಯಂಡಹಳ್ಳಿಯಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯ ಅಮೀನಪ್ಪ. ಕೆಂಗೇರಿ ದಾಟಿ ಒಳದಾರಿಯಲ್ಲಿ ಒಂದು ತೋಟದ ಕೆರೆಯಿದೆ. ಅದರಲ್ಲಿ ಗೆಂಡೆ ಮೀನುಗಳಿವೆ. ಗೆಂಡೆಗಳ ಪೈಕಿ ಒಬ್ಬ 'ಪಟೇಲ'ನಿದ್ದಾನೆ. ಹನ್ನೆರಡು ಕೆಜಿ ಇರಬಹುದೆಂದು ಅಂದಾಜು. ನಡುನೀರಿನ ದಿಬ್ಬದ ಪಕ್ಕ, ಒಣಗಿದ ಜಾಲಿ ಮರದ ಬುಡದಲ್ಲಿ ವಾಸ. ದಡದಿಂದ ಅಲ್ಲಿಗೆ ನೂರು ಮೀಟರಿಗೆ ಒಂದು ಗೇಣೂ ಕಡಿಮೆಯಿಲ್ಲ. ಯಾರೂ ಅವನನ್ನು ಜಾಗ ಬಿಟ್ಟು ಕದಲಿಸಿಲ್ಲ, ಅದಕ್ಕೇ ಆ ಹೆಸರು. ಕೆರೆಯ ಟೀ ಶೆಡ್ಡಿನ ಗೋಡೆಯಲ್ಲಿ ತೋಟದ ಯಜಮಾನರು ಒಂದು ಖಾಲಿ ಫ್ರೇಮು ತೂಗುಹಾಕಿದ್ದಾರೆ. ಪಟೇಲನನ್ನು ಎತ್ತಿ ಹಿಡಿದವನ ಫೋಟೋಕ್ಕೆ ಆ ಜಾಗ ಮೀಸಲು. ಮುಖ ಕಾಣಬೇಕು, ಮುಖವಿಲ್ಲದ ಫೋಟೋ ಗೋಡೆ ಹತ್ತುವುದಿಲ್ಲ.

ನಲವತ್ತಾರು ವರ್ಷದ ಬಾಳಿನಲ್ಲಿ ಸಿದ್ದಲಿಂಗೇಶನ ಫೋಟೋ ಯಾವ ಗೋಡೆಗೂ ಏರಿರಲಿಲ್ಲ. ಮದುವೆ ಫೋಟೋ ಇತ್ತು, ಅದರಲ್ಲಿ ಅವನ ಅರ್ಧ ಮುಖದ ಮುಂದೆ ಮಾವನವರ ಪೇಟ ಬಂದಿತ್ತು. ಆ ಖಾಲಿ ಫ್ರೇಮು ಒಂದು ವರ್ಷದಿಂದ ಅವನ ಕನಸಿಗೆ ಬರುತ್ತಿತ್ತು.

ಅವನು ಕೆಳಗೆ ಓಡಿದಾಗ ಡಬ್ಬಿ ಊಟದ ಮೇಜಿನ ಮೇಲೆ ತೆರೆದುಕೊಂಡಿತ್ತು. ಎದುರುಮನೆಯ ನೀಲಾಂಬಿಕಾ ಆಂಟಿ ಮೂರನೆಯ ಉಂಡೆಯನ್ನು ದವಡೆ ಹಲ್ಲಿಗೆ ಕೊಟ್ಟು, ಅಡಿಕೆ ಕಡಿದಂತೆ ಕಡಿಯುತ್ತಿದ್ದರು.

"ಬರ್ರಿ ಅಳಿಯಂದ್ರೇ," ಎಂದರು ಅತ್ತೆ. "ಈ ತಂಬಿಟ್ಟು ಯಾರು ಕೊಟ್ಟಿದ್ದು? ಸೌಂದರ್ಯಾ ಮಾಡಿದ್ದಂತೂ ಅಲ್ಲ, ಅವಳಿಗೆ ಈ ಕೈ ಇಲ್ಲ."

"ಅದು... ಆಫೀಸಲ್ಲಿ ಒಬ್ಬರು ಮೇಡಂ ಕೊಟ್ರು ಅತ್ತೆ. ಹಳ್ಳಿ ಕಡೆಯವರು."

"ಅಂದುಕೊಂಡೆ," ಎಂದರು ನೀಲಾಂಬಿಕಾ. "ಸ್ವಲ್ಪ ಗಟ್ಟಿ. ಹಳ್ಳಿ ತಂಬಿಟ್ಟೇ ಹಾಗೆ ಕಣಮ್ಮ, ಮೊದಲು ಹಲ್ಲಿಗೆ ಕೆಲಸ, ಆಮೇಲೆ ನಾಲಿಗೆಗೆ ರುಚಿ. ಮನೆಗೆ ಒಂದು ಹತ್ತು ತಗೊಂಡು ಹೋಗ್ತೀನಪ್ಪ."

ಕೇಳಿದ ಮೇಲೆ ತೆಗೆದುಕೊಳ್ಳುವುದು ಅವರ ಪದ್ಧತಿಯಲ್ಲ. ಹತ್ತು ಉಂಡೆ ಆಗಲೇ ಸೆರಗಿನ ಗಂಟಿನಲ್ಲಿದ್ದವು.

"ಅಂದ ಹಾಗೆ, ನಮ್ಮ ಭಾನುವಾರದ ಕ್ಲಾಸಿಗೆ ಯಾವಾಗ ಬರ್ತೀಯಪ್ಪ?" ಎಂದು ಅವರು ಮುಂದುವರಿಸಿದರು. ಅವರ ಮನೆಯ ಹಾಲಿನಲ್ಲಿ ಪ್ರತಿ ಭಾನುವಾರ ಬೀದಿಯ ಮಕ್ಕಳಿಗೆ ವಚನ ಹೇಳಿಕೊಡಬೇಕೆಂಬುದು ಅವರ ಸಂಕಲ್ಪ. ಹೇಳಿಕೊಡುವವರು ಸಿಗದೆ ಎರಡು ವರ್ಷದಿಂದ ಸಂಕಲ್ಪ ಹಾಗೇ ಉಳಿದಿತ್ತು.

"ಆಡಿಟ್ ಇದೆ ಆಂಟಿ."

"ಭಾನುವಾರಾನೂ ಆಡಿಟ್ಟಾ?"

"ಭಾನುವಾರ ಮಾತ್ರ ಆಂಟಿ. ಬೇರೆ ದಿನ ಕೆಲಸ ಇರುತ್ತೆ."

ಅಷ್ಟರಲ್ಲಿ ಮಾವ ಚನ್ನವೀರಪ್ಪನವರು ಸ್ನಾನ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಧರಿಸಿ ಬಂದರು. ಸರ್ಕಾರಿ ಉಗ್ರಾಣದಲ್ಲಿ ಸ್ಟೋರ್‌ಕೀಪರಾಗಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಯಾವ ವಸ್ತುವನ್ನೂ ಪರೀಕ್ಷಿಸದೆ ಒಳಗೆ ಬಿಟ್ಟುಕೊಂಡ ಅಭ್ಯಾಸವಿಲ್ಲ. ಒಂದು ಉಂಡೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿದರು, ಉಗುರಿನಿಂದ ಕೆರೆದರು, ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಒಂದು ನಿಮಿಷ ನಿಂತರು. ಸಿದ್ದಲಿಂಗೇಶ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

"ಹಿಂಡಿ ಹಾಕ್ಯಾರೇನು?" ಎಂದರು ಮಾವ.

"ಗೊತ್ತಿಲ್ಲ ಮಾವ."

"ಹೂಂ. ನನಗೆ ಹಲ್ಲು ನೋವು. ಆಮೇಲೆ ನೆನೆಸಿ ತಿಂತೀನಿ." ಹೀಗೆಂದು ನಾಲ್ಕು ಉಂಡೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಇಳಿಸಿದರು. "ನಾನು ವಿಜಯನಗರದ ಲೈಬ್ರರಿಗೆ ಹೋಗಿ ಬರ್ತೀನಿ. ಮಧ್ಯಾಹ್ನ ಊಟಕ್ಕೆ ಕಾಯಬ್ಯಾಡ್ರಿ."

ಮೇಡಂಗೆ ಡಬ್ಬಿ ವಾಪಸ್ ಕೊಡಬೇಕೆಂದು ಸಿದ್ದಲಿಂಗೇಶ ಅದನ್ನು ಕಿತ್ತುಕೊಳ್ಳುವ ಹೊತ್ತಿಗೆ ಆರು ಉಂಡೆಗಳು ಉಳಿದಿದ್ದವು.

ಅವನು ಮೆಟ್ಟಿಲು ಹತ್ತುವಾಗಲೇ ಅತ್ತೆ ಕೂಗಿದರು: "ತಾರಸಿ ಮೇಲೆ ಬಟ್ಟೆ ಹಗ್ಗ ಹರಿದು ಬಿದ್ದದ. ಕಟ್ಟಿ ಹೋಗ್ರಿ."

ತಾರಸಿಗೆ ಅವನು ಹೇಗೂ ಹೋಗಲೇಬೇಕಿತ್ತು. ನೀರಿನ ಟ್ಯಾಂಕಿನ ಹಿಂದೆ, ಹಳೇ ಪೈಪುಗಳ ನಡುವೆ ಒಂದು ದಪ್ಪ ಪಿವಿಸಿ ಪೈಪು. ಅದರೊಳಗೆ ಹನ್ನೆರಡು ಅಡಿಯ, ಎರಡು ತುಂಡಾಗಿ ಬಿಚ್ಚುವ ಅವನ ಮೀನಿನ ರಾಡು. ಅವಸರದಲ್ಲಿ ಹರಿದ ನೈಲಾನ್ ಹಗ್ಗಕ್ಕೆ ಒಂದು ಗಂಟು ಹಾಕಿ ಪೈಪಿಗೆ ಕೈಹಾಕಬೇಕು, ಹಿಂದೆ ಕೆಮ್ಮು ಕೇಳಿಸಿತು.

"ಇದೇನು ಗಂಟೋ, ಗಂಟಿನ ಅಣಕವೋ?" ಮಾವ ಹಗ್ಗ ಜಗ್ಗಿದರು. ಗಂಟು ಬೆಣ್ಣೆಯ ಹಾಗೆ ಜಾರಿ ಬಿಚ್ಚಿಕೊಂಡಿತು. "ಒದ್ದೆ ಸೀರೆ ಬಿದ್ರೆ ನಿಲ್ತದೇನ್ರಿ ಇದು? ಕೊಡ್ರಿ ಇಲ್ಲಿ."

ಅವರು ಎಳೆಯ ಮೇಲೆ ಎಳೆಯಿಟ್ಟು ಏಳು ಸುತ್ತು ಸುತ್ತಿದರು. ತುದಿಯನ್ನು ಮೊದಲ ಕುಣಿಕೆಯೊಳಗೆ ತೂರಿಸಿದರು. ಆಮೇಲೆ, ಸಿದ್ದಲಿಂಗೇಶನಿಗೆ ಆಶ್ಚರ್ಯವಾಗುವಂತೆ, ಗಂಟನ್ನು ಬಾಯಲ್ಲಿಟ್ಟು ಎಂಜಲಿನಿಂದ ನೆನೆಸಿ, ನಿಧಾನವಾಗಿ ಎಳೆದರು. ಹೆಸರುಕಾಳಿನಷ್ಟು ಚಿಕ್ಕ ಗಂಟು; ಕಲ್ಲಿನಷ್ಟು ಬಿಗಿ.

"ಒಣ ಎಳೆ ಜಗ್ಗಿದ್ರೆ ಉಜ್ಜಿ ಸುಟ್ಟುಹೋಗ್ತದ. ಉಗ್ರಾಣದಾಗೆ ಮೂವತ್ತು ವರ್ಷ ಮೂಟೆ ಕಟ್ಟೀನಿ," ಎಂದು ಮಾವ ಇಳಿದು ಹೋದರು.

ಸಿದ್ದಲಿಂಗೇಶ ನಿಂತಲ್ಲೇ ನಿಂತ. ಒಂದು ವರ್ಷದಿಂದ ಅವನ ಗೋಳೇ ಗಂಟು. ನೂರು ಮೀಟರು ಎಸೆಯಬೇಕಾದರೆ ರೀಲಿನಲ್ಲಿ ತೆಳ್ಳನೆ ದಾರ ಇರಬೇಕು. ಆದರೆ ಎಸೆತದ ರಭಸಕ್ಕೆ ತೆಳ್ಳನೆಯದು ತಡೆಯುವುದಿಲ್ಲವೆಂದು ತುದಿಗೆ ಹತ್ತು ಮಾರು ದಪ್ಪ ದಾರ ಸೇರಿಸಬೇಕು. ಸೇರಿಸುವ ಗಂಟು ದೊಡ್ಡದಾದರೆ ರಾಡಿನ ಮೇಲೆ ದಾರ ಹಾಯುವ ಬಳೆಗಳಿಗೆ ತಗುಲುತ್ತದೆ, ಚಿಕ್ಕದಾದರೆ ಬಿಚ್ಚಿಕೊಳ್ಳುತ್ತದೆ. ಫೋನಿನಲ್ಲಿ ನೂರಾರು ವಿಡಿಯೋ ನೋಡಿಯೂ ಬಾರದ ವಿದ್ಯೆಯನ್ನು ಮಾವ ಒದ್ದೆ ಸೀರೆಗೆಂದು ಮಾಡಿ ತೋರಿಸಿದ್ದರು. ಅವನು ಮೂರು ಸಲ ಅಭ್ಯಾಸ ಮಾಡಿ, ಪೈಪು ಹೆಗಲಿಗೇರಿಸಿ ಹೊರಟ.

ಗೇಟಿನಲ್ಲಿ ನೀಲಾಂಬಿಕಾ ನಿಂತಿದ್ದರು. "ಆಡಿಟ್ಟಿಗೆ ಪೈಪು ಯಾಕಪ್ಪ?"

"ಆಫೀಸಲ್ಲಿ ನಲ್ಲಿ ಸೋರ್ತಾ ಇದೆ ಆಂಟಿ."

"ಅದನ್ನೂ ನೀನೇ ರಿಪೇರಿ ಮಾಡ್ಬೇಕಾ? ಏನು ಆಫೀಸೋ ಏನೋ. ನಿನ್ನಂಥವನು ಒಬ್ಬ ಸಿಕ್ಕಿದ್ರೆ ಎಲ್ಲರೂ ಅವನ ತಲೆ ಮೇಲೇ."

ಬೀದಿಯ ತಿರುವಿನಲ್ಲಿ ಅಮೀನಪ್ಪ ಸ್ಕೂಟರ್ ಹಿಡಿದು ಕಾಯುತ್ತಿದ್ದ. ಕೆಂಗೇರಿಯ ಸಿಗ್ನಲ್ಲಿನಲ್ಲಿ ನಿಂತಾಗ ಅವನ ಕೈ ಹಿಂದಕ್ಕೆ ಬಂದು ಡಬ್ಬಿಗೆ ಹೋದದ್ದು ಸಿದ್ದಲಿಂಗೇಶನಿಗೆ ತಿಳಿಯಲೇ ಇಲ್ಲ. ಕಟಕಟ ಶಬ್ದ ಕೇಳಿದ ಮೇಲೆ ತಿಳಿಯಿತು.

"ಲೋ, ಅದು ಮೀನಿಗೆ ಕಣೋ."

"ಮೀನು ತಿನ್ನೋದನ್ನ ನಾವು ತಿಂದು ನೋಡ್ಬೇಕು ಗುರು. ಸಕತ್ತಾಗಿದೆ. ಸ್ವಲ್ಪ ಉಪ್ಪು ಕಮ್ಮಿ."

ಐದು ಉಳಿದವು.

ಕೆರೆಯ ದಡದಲ್ಲಿ ಗಾಳಿ ಸಣ್ಣಗಿತ್ತು. ಆಚೆ ದಂಡೆಯಲ್ಲಿ, ಬಹಳ ದೂರದಲ್ಲಿ, ತಲೆಗೆ ಟವೆಲ್ಲು ಸುತ್ತಿಕೊಂಡ ಯಾರೋ ಒಬ್ಬ ಜೊಂಡಿನ ಮರೆಯಲ್ಲಿ ಕೂತಿದ್ದ. ಅವನ ಮುಖವೂ ಪಟೇಲನ ಜಾಗದ ಕಡೆಗೇ ಇತ್ತು. ಸಿದ್ದಲಿಂಗೇಶ ಅವಸರಪಟ್ಟ. ಗಾಳದ ಕೊಕ್ಕೆಗೆ ಉಂಡೆ ಚುಚ್ಚುವಂತಿಲ್ಲ. ಗೆಂಡೆ ಜಾಣ ಮೀನು, ಕಬ್ಬಿಣ ತಾಗಿದರೆ ಉಗುಳುತ್ತದೆ. ಕೊಕ್ಕೆಯ ಬುಡದಿಂದ ಕೂದಲಿನಂಥ ಒಂದೆಳೆ ಇಳಿಬಿಟ್ಟು, ಅದರಲ್ಲಿ ಉಂಡೆ ಪೋಣಿಸಬೇಕು. ಮೀನು ಉಂಡೆಯನ್ನು ಹೀರಿಕೊಂಡಾಗ ಕೊಕ್ಕೆ ತಾನಾಗಿ ಹಿಂದೆಯೇ ಬಾಯಿಗೆ ಹೋಗುತ್ತದೆ, ಮದುವೆ ಊಟಕ್ಕೆ ಕರೆದವರ ಹಿಂದೆ ಕರೆಯದವರು ಹೋಗುವಂತೆ. ಭಾರಕ್ಕೆ ಅಮೀನಪ್ಪ ತನ್ನ ಲೇತಿನಲ್ಲಿ ಕೆತ್ತಿದ ಸೀಸದ ಗುಂಡು.

ಮೊದಲ ಎಸೆತಕ್ಕೆ ದಾರದಲ್ಲಿ ಹಿಂದಿನ ವಾರದ ಗಂಟೇ ಇತ್ತು. ಅದನ್ನು ಬಿಚ್ಚಿ ಕಟ್ಟುವಷ್ಟು ತಾಳ್ಮೆ ಅವನಿಗಿರಲಿಲ್ಲ. ರಾಡು ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮಿತು. 'ಫಟ್' ಎಂದಿತು. ದಾರ ಅಲ್ಲೇ ಉಳಿಯಿತು. ಗುಂಡು, ಗಾಳ, ಉಂಡೆ ಮೂರೂ ಸೇರಿ ಪಕ್ಕಕ್ಕೆ ಹಾರಿ ಟೀ ಶೆಡ್ಡಿನ ತಗಡಿನ ಮೇಲೆ 'ಠಣ್' ಎಂದು ಬಿದ್ದವು. ಒಳಗಿನಿಂದ ಟೀ ಕಾಸುತ್ತಿದ್ದವನು ಸೌಟು ಹಿಡಿದು ಹೊರಬಂದು, "ಸಾರ್, ಕೆರೆ ಆ ಕಡೆ ಇದೆ," ಎಂದು ತೋರಿಸಿ ಒಳಗೆ ಹೋದ.

ಎರಡನೆಯ ಉಂಡೆಯನ್ನು ಪೋಣಿಸಿ ಕಲ್ಲಿನ ಮೇಲಿಟ್ಟು, ಮಾವನ ಗಂಟನ್ನು ಕಟ್ಟುತ್ತಿದ್ದಾಗ ಕಾಗೆಯೊಂದು ಬಂದು ಉಂಡೆಯನ್ನು ಕಿತ್ತುಕೊಂಡು ಹೋಯಿತು. ಮೂರನೆಯದು ಸರಿಯಾಗಿಯೇ ಹೋಯಿತು, ಆದರೆ ಎಂಬತ್ತು ಮೀಟರಿಗೆ ನಿಂತಿತು. ಅಲ್ಲಿದ್ದ ಪುಡಿ ಮೀನುಗಳು ಹತ್ತು ನಿಮಿಷದಲ್ಲಿ ಉಂಡೆಯನ್ನು ಮುಗಿಸಿ ಬರಿಯ ಗಾಳ ವಾಪಸ್ ಕಳಿಸಿದವು.

"ಸೊಂಟದಿಂದ ಎಸಿ ಗುರು, ಕೈಯಿಂದ ಎಸೀಬೇಡ," ಎಂದ ಅಮೀನಪ್ಪ, ಮರದ ನೆರಳಿನಲ್ಲಿ ಮಲಗಿಕೊಂಡು.

ನಾಲ್ಕನೆಯದನ್ನು ಸಿದ್ದಲಿಂಗೇಶ ಸಿಟ್ಟಿನಿಂದ ಎಸೆದ. ಕಾಗೆಯ ಮೇಲಿನ ಸಿಟ್ಟು, ಆಂಟಿಯ ಸೆರಗಿನ ಮೇಲಿನ ಸಿಟ್ಟು, ಪೇಟದ ಮೇಲಿನ ಸಿಟ್ಟು ಎಲ್ಲ ಒಟ್ಟಾಗಿ ಗುಂಡಿಗೆ ಸೇರಿ, ಅದು ಹಾರಿತು, ಹಾರಿತು, ಜಾಲಿ ಮರದ ಬುಡದಲ್ಲಿ 'ಬುಳುಕ್' ಎಂದು ಇಳಿಯಿತು. ಗಂಟು ನಿಂತಿತ್ತು.

ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ರಾಡಿನ ತುದಿ ಒಮ್ಮೆ ತಲೆದೂಗಿತು. ಎರಡು ಸಲ. ಸಿದ್ದಲಿಂಗೇಶ ಎತ್ತಿ ಜಗ್ಗಿದ. ಆಚೆ ಕಡೆಯಿಂದ ಯಾರೋ ಎತ್ತಿ ಜಗ್ಗಿದಂತಾಯಿತು.

"ಅಮೀನಪ್ಪ, ಏಳೋ. ಪಟೇಲ."

ಅಂಥ ಭಾರವನ್ನು ಅವನ ಕೈ ಕಂಡೇ ಇರಲಿಲ್ಲ. ಅವನು ಎಳೆದರೆ ಅದು ತಡೆಯುತ್ತಿತ್ತು, ಅವನು ಸಡಿಲಿಸಿದರೆ ಅದು ಎಳೆಯುತ್ತಿತ್ತು. ಆಚೆ ದಂಡೆಯ ಟವೆಲ್ಲಿನವನೂ ಎದ್ದು ನಿಂತು ತನ್ನ ರಾಡಿನೊಡನೆ ಹೆಣಗುತ್ತಿದ್ದ; ಅವನಿಗೂ ಏನೋ ಬಿದ್ದಿರಬೇಕು, ಪಾಪ, ಸಣ್ಣದೇನೋ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಸಿದ್ದಲಿಂಗೇಶನ ಅಂಗಿ ಒದ್ದೆ ಮಾಪಿನಂತಾಯಿತು. ಕೊನೆಗೆ ಅದು ಸೋತು ನಿಧಾನವಾಗಿ ಬರತೊಡಗಿತು.

ಬಂತು. ದಡಕ್ಕೆ ಬಂದದ್ದು ಮೀನಲ್ಲ. ಅವನ ಗಾಳಕ್ಕೆ ಹೆಣೆದುಕೊಂಡಿದ್ದ ಇನ್ನೊಂದು ಗಾಳ, ಇನ್ನೊಂದು ಗುಂಡು, ಮತ್ತು ನೀರಿನಾಚೆಗೆ ಹೋಗುತ್ತಿದ್ದ ಇನ್ನೊಂದು ದಾರ.

"ಥತ್," ಎಂದ ಅಮೀನಪ್ಪ. "ಅರ್ಧ ಗಂಟೆ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ರಲ್ಲೋ."

ಆ ಅಪರಿಚಿತ ಗಾಳದ ಕೂದಲೆಳೆಯಲ್ಲಿ ಪೋಣಿಸಿದ್ದ ಉಂಡೆಯನ್ನು ಸಿದ್ದಲಿಂಗೇಶ ನೋಡುತ್ತಿದ್ದ. ಅದು ಅವನದೇ ಉಂಡೆಯ ಅರ್ಧ ಭಾಗ. ಅದರ ಮೇಲೆ, ದಪ್ಪ ದಾರವೂ ತೆಳು ದಾರವೂ ಸೇರುವಲ್ಲಿ, ಹೆಸರುಕಾಳಿನಷ್ಟು ಚಿಕ್ಕ ಗಂಟು. ಏಳು ಸುತ್ತು. ಎರಡು ಕಡೆಯೂ ಅದೇ ಗಂಟು, ಅದಕ್ಕೇ ಹರಿದಿರಲಿಲ್ಲ.

ಟವೆಲ್ಲಿನವನು ತನ್ನ ದಾರ ಹೋದ ದಾರಿ ಹಿಡಿದು, ತಲೆ ತಗ್ಗಿಸಿ, ರೀಲು ಸುತ್ತುತ್ತ ಕೆರೆಯ ಏರಿಯನ್ನು ಬಳಸಿ ಬರುತ್ತಿದ್ದ. ಸುತ್ತುತ್ತ ಸುತ್ತುತ್ತ ಅವನ ರಾಡಿನ ತುದಿ ಸಿದ್ದಲಿಂಗೇಶನ ಹೊಟ್ಟೆಗೆ ಬಂದು ತಾಗಿತು. ತಲೆಯೆತ್ತಿದ. ಟವೆಲ್ಲಿನ ಕೆಳಗೆ ಹಣೆತುಂಬ ವಿಭೂತಿ, ಬೆವರಿಗೆ ಸ್ವಲ್ಪ ಕರಗಿತ್ತು.

ಕೆರೆಯಲ್ಲಿ ಕಪ್ಪೆಯೊಂದು ಕೂಗಿ ಸುಮ್ಮನಾಯಿತು.

"ಆಡಿಟ್ಟು ಹೆಂಗ್ ನಡದದ?" ಎಂದರು ಚನ್ನವೀರಪ್ಪನವರು.

"ಪರವಾಗಿಲ್ಲ ಮಾವ. ಲೈಬ್ರರೀಲಿ ರಷ್ ಇತ್ತಾ?"

"ಇಲ್ಲ. ಶಾಂತವಾಗಿತ್ತು. ಯಾರೋ ಬಂದು ಜಗ್ಗೋತನಕ."

ಅಮೀನಪ್ಪ ಬೆನ್ನು ತಿರುಗಿಸಿ ಕೆಮ್ಮತೊಡಗಿದ.

ಮಾವ ಕಲ್ಲಿನ ಮೇಲೆ ಕೂತು, ಗೋಜಲು ಬಿಡಿಸುತ್ತ ಹೇಳಿದರು. ಹನ್ನೊಂದು ವರ್ಷದಿಂದ ಬರುತ್ತಿದ್ದಾರೆ. ಒಂದು ಮೀನನ್ನೂ ತಿಂದಿಲ್ಲ, ಒಂದನ್ನೂ ಮನೆಗೆ ಒಯ್ದಿಲ್ಲ. ರಾಡು ತೋಟದ ಯಜಮಾನರ ಶೆಡ್ಡಿನಲ್ಲೇ ಇರುತ್ತದೆ. "ನಾನು ಮಂಗಳವಾರ, ಗುರುವಾರ ಬರೋನು. ಭಾನುವಾರ ಗದ್ದಲ. ಇವತ್ತು ನಿಮ್ಮ ಉಂಡೆ ವಾಸನೆ ನೋಡಿದ ಮೇಲೆ ತಡಕೊಳ್ಳಾಕೆ ಆಗಲಿಲ್ಲ. ಯಾರಪಾ ಇದನ್ನ ಮಾಡಿದ ಪುಣ್ಯಾತ್ಮ ಅಂದುಕೊಂಡೆ. ಬೇಯಿಸಿದ್ದು ಎಷ್ಟು ನಿಮಿಷ?"

"ಮೂರು."

"ಎರಡೂವರೆ ಸಾಕು."

ಕೊನೆಯ ಉಂಡೆಯನ್ನು ಪೋಣಿಸಿ ಸಿದ್ದಲಿಂಗೇಶ ಎಸೆದ. ಎಸೆಯುವಾಗ "ಮೊಣಕೈ" ಎಂದರು ಮಾವ, ಬಿದ್ದ ಮೇಲೆ "ಒಂದು ಮಾರು ಎಡಕ್ಕೆ ಆಗಬೇಕಿತ್ತು" ಎಂದರು, ದಾರ ಬಿಗಿ ಮಾಡಿದರೆ "ಬಿಗಿ ಜಾಸ್ತಿ", ಸಡಿಲಿಸಿದರೆ "ಏನ್ರಿ, ಬಟ್ಟೆ ಒಣ ಹಾಕ್ತೀರೇನು?" ಎಂದರು. ಮನೆಯಲ್ಲಿ ಹದಿನೆಂಟು ವರ್ಷ ಕೇಳಿದ್ದನ್ನು ಅವನು ಕೆರೆಯ ದಡದಲ್ಲಿಯೂ ಕೇಳುತ್ತ ಕೂತ. ಮೂರೂವರೆಗೆ ರಾಡು ಬಿಲ್ಲಿನಂತೆ ಬಾಗಿತು.

ಈ ಸಲ ಅಳಿಯನನ್ನು ಎಳೆದದ್ದು ಮಾವನಲ್ಲ. ಮುಕ್ಕಾಲು ಗಂಟೆಯ ನಂತರ, ಬಲೆಯ ತೊಟ್ಟಿಲಿನಲ್ಲಿ, ಹಿತ್ತಾಳೆ ಕೊಳಗದ ಬಣ್ಣದ ಪಟೇಲ ಮಲಗಿದ್ದ. ತುಟಿಯ ಎರಡು ಕಡೆ ಎರಡು ಮೀಸೆ. ಯಾರಿಗೂ ಹೆದರಿದ ಮುಖವಲ್ಲ. ಸಿದ್ದಲಿಂಗೇಶನ ಕಣ್ಣಲ್ಲಿ ನೀರು ಬಂತು. ಅವನು ಮಂಡಿಯೂರಿ ಅದನ್ನು ಮಗುವಿನಂತೆ ಎರಡು ಕೈಯಲ್ಲಿ ಎತ್ತಿಕೊಂಡ. ಅಮೀನಪ್ಪ ಫೋನು ಹಿಡಿದ.

"ಫೋಟೋ ಬ್ಯಾಡ," ಎಂದರು ಮಾವ.

"ಮಾವ, ಒಂದೇ ಒಂದು."

"ಆ ಫ್ರೇಮಿಗೆ ನಿಮ್ಮ ಮುಖ ಬಿತ್ತು ಅಂದ್ರೆ ಯಜಮಾನ ಅದನ್ನ ಫೋನಿಗೆ ಹಾಕ್ತಾನೆ. ಸಂಜೆಯೊಳಗೆ ನೀಲಾಂಬಿಕಾ ನೋಡ್ತಾಳೆ, ರಾತ್ರಿ ಊಟಕ್ಕೆ ನಿಮ್ಮ ಅತ್ತೆ ನೋಡ್ತಾಳೆ. ಆಮೇಲೆ ನಿಮಗೆ ಈ ಜನ್ಮದಾಗೆ ಭಾನುವಾರ ಇಲ್ಲ. ಯೋಚನೆ ಮಾಡ್ರಿ. ಫೋಟೋ ಬೇಕೋ, ಭಾನುವಾರ ಬೇಕೋ?"

ಪಟೇಲ ಬಾಯಿ ತೆರೆದು ಮುಚ್ಚಿದ. ಸಿದ್ದಲಿಂಗೇಶ ಶೆಡ್ಡಿನ ಕಡೆ ನೋಡಿದ, ಖಾಲಿ ಫ್ರೇಮಿನ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು. ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ, ಹೀಗೆ ಸಾಲಾಗಿ ಎಷ್ಟೋ ಭಾನುವಾರಗಳು ಅವನ ಕಣ್ಣ ಮುಂದೆ ಹಾದವು.

"ಭಾನುವಾರ," ಎಂದು ಹೇಳಿ ನೀರಿಗೆ ಕೈ ಇಳಿಸಿದ. ಪಟೇಲ ಬಾಲದಿಂದ ಅವನ ಮುಖಕ್ಕೆ ನೀರೆರಚಿ ಮನೆಗೆ ಹೋದ.

ಸಂಜೆ ಆರಕ್ಕೆ, ಪೈಪನ್ನು ಕಾಂಪೌಂಡಿನ ಹೊರಗೆ ಮರೆಯಲ್ಲಿ ಒರಗಿಸಿಟ್ಟು, ಅಳಿಯ ಮಾವ ಗೇಟು ತೆರೆದಾಗ ಜಗಲಿಯ ಮೇಲೆ ಮೂವರು ಹೆಂಗಸರು ಕಾಯುತ್ತಿದ್ದರು. ಸೌಂದರ್ಯಾಳ ಕೈಯಲ್ಲಿ ಫೋನಿತ್ತು.

"ರೀ, ಆಂಟಿಗೆ ಆ ತಂಬಿಟ್ಟು ಮಾಡೋ ಮೇಡಂ ನಂಬರ್ ಬೇಕಿತ್ತು. ನೀವು ಫೋನ್ ತೆಗೀಲಿಲ್ಲ ಅಂತ ಆಫೀಸಿಗೆ ಮಾಡಿದೆ. ವಾಚ್‌ಮನ್ ಹೇಳಿದ, ಭಾನುವಾರ ಆಫೀಸಿಗೆ ಬೀಗ ಅಂತೆ. ವರ್ಷದಿಂದ ಯಾವ ಆಡಿಟ್ಟೂ ಇಲ್ಲವಂತೆ. ಎಲ್ಲಿದ್ರಿ ನೀವು?"

ಸಿದ್ದಲಿಂಗೇಶನ ಬಾಯಿ ಪಟೇಲನ ಬಾಯಿಯಂತೆ ತೆರೆದು ಮುಚ್ಚಿತು.

"ನನ್ನ ಜೋಡಿ ಇದ್ರು," ಎಂದರು ಚನ್ನವೀರಪ್ಪನವರು, ಚಪ್ಪಲಿ ಬಿಡುತ್ತ. "ಲೈಬ್ರರಿಯಾಗೆ. ವರ್ಷದಿಂದ ಪ್ರತಿ ಭಾನುವಾರ ಕೂತು ವಚನ ಓದಾಕೆ ಹತ್ಯಾರೆ. ಹೇಳಿಕೊಳ್ಳಾಕೆ ಸಂಕೋಚ ಅವರಿಗೆ. ನನಗೇ ಇವತ್ತು ಗೊತ್ತಾಗಿದ್ದು."

"ಲೈಬ್ರರೀಲಿ ಕಾಲಿಗೆ ಇಷ್ಟು ಕೆಸರಾ?" ಎಂದರು ಗುರುದೇವಿ.

"ರಸ್ತೆ ಅಗೆದಾರೆ."

ಬೆಂಗಳೂರಿನಲ್ಲಿ ಈ ಮಾತಿಗೆ ಮರುಪ್ರಶ್ನೆ ಇಲ್ಲ. ಸೌಂದರ್ಯಾಳ ಮುಖ ಮೃದುವಾಯಿತು. ಗಂಡನನ್ನು ಅವಳು ಹಾಗೆ ನೋಡಿ ಬಹಳ ವರ್ಷವಾಗಿತ್ತು. ಬದುಕಿದೆ ಎಂದು ಸಿದ್ದಲಿಂಗೇಶ ಉಸಿರು ಬಿಟ್ಟ. ಆ ಉಸಿರು ಪೂರ್ತಿ ಹೊರಬರುವ ಮೊದಲೇ ನೀಲಾಂಬಿಕಾ ಎದ್ದು ನಿಂತರು. ಅವರ ಕಣ್ಣು ತುಂಬಿತ್ತು.

"ಮನೆ ಎದುರಿಗೇ ಇಟ್ಟುಕೊಂಡು ಊರೆಲ್ಲ ಹುಡುಕ್ತಾ ಇದ್ದೆನಲ್ಲಪ್ಪ. ಒಂದು ವರ್ಷ ಓದಿದೀಯ ಅಂದ್ರೆ ಮಕ್ಕಳಿಗೆ ಎಷ್ಟು ಹೇಳಿಕೊಡಬಹುದು. ಮುಂದಿನ ಭಾನುವಾರದಿಂದ ಶುರು. ಬೆಳಗ್ಗೆ ಏಳರಿಂದ ಹನ್ನೆರಡು, ಆಮೇಲೆ ದೊಡ್ಡವರಿಗೆ ಎರಡರಿಂದ ಐದು."

"ಆಂಟಿ, ನಾನು... ಮಾವನೇ ನನಗಿಂತ ಚೆನ್ನಾಗಿ..."

"ನನಗೆ ಹಲ್ಲು ನೋವು," ಎಂದರು ಮಾವ. "ಉಚ್ಚಾರ ಸರಿ ಬರಾಂಗಿಲ್ಲ. ಅಳಿಯಂದ್ರು ಮಾಡ್ತಾರೆ. ಅವರದು ಅದೇ ಆಸೆ."

"ಮತ್ತೆ ಆ ತಂಬಿಟ್ಟು," ಎಂದರು ನೀಲಾಂಬಿಕಾ, ಮೆಟ್ಟಿಲಿಳಿಯುತ್ತ. "ಮಕ್ಕಳಿಗೆ ವಾರವಾರ ಪ್ರಸಾದಕ್ಕೆ ಒಂದು ನೂರು ಬೇಕಪ್ಪ. ಆ ಮೇಡಂಗೆ ಹೇಳು."

ಹೆಂಗಸರು ಒಳಗೆ ಹೋದ ಮೇಲೆ ಸಿದ್ದಲಿಂಗೇಶ ಜಗಲಿಯ ಕಂಬ ಹಿಡಿದು ನಿಂತ. ಫೋಟೋನೂ ಇಲ್ಲ, ಭಾನುವಾರವೂ ಇಲ್ಲ. "ಏನ್ ಮಾವ ಇದು," ಎಂದ. "ಭಾನುವಾರವೇ ಹೋಯ್ತಲ್ಲ."

"ನಂದೆಲ್ಲಿ ಹೋಯ್ತು? ನಾನು ರಿಟೈರ್ಡು. ನನಗೆ ಮಂಗಳವಾರ ಅದ, ಗುರುವಾರ ಅದ." ಚನ್ನವೀರಪ್ಪನವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನೂರು ಉಂಡೆ ಮಾಡೋವಾಗ ನಂದೊಂದು ಹತ್ತು ಎತ್ತಿಡ್ರಿ. ಎರಡೂವರೆ ನಿಮಿಷ, ನೆನಪಿರಲಿ. ಮತ್ತೆ, ನಿಮ್ಮ ರಾಡು ನನ್ನದಕ್ಕಿಂತ ದೂರ ಹೋಗ್ತದ. ಆ ಪೈಪು ಎಲ್ಲಿ ಇಡ್ತೀರಿ?"

ಸಿದ್ದಲಿಂಗೇಶ ತಲೆಯೆತ್ತಿ ನೋಡಿದ. ಮೇಲೆ ತಾರಸಿಯಲ್ಲಿ, ಏಳು ಸುತ್ತಿನ ಗಂಟಿನ ಹಗ್ಗದ ಮೇಲೆ, ಅತ್ತೆಯವರ ಆರು ಒದ್ದೆ ಸೀರೆಗಳು ಒಂದಿಷ್ಟೂ ಜೋಲದೆ ನಿಂತಿದ್ದವು.

"ಟ್ಯಾಂಕಿನ ಹಿಂದೆ, ಮಾವ," ಎಂದ.